ಕಾಲ್ ಟೈಮಿಗೆ ಮೊದಲಿನ ಇಪ್ಪತ್ತು ನಿಮಿಷ

ಸಿನಿಮಾದವರ ಬದುಕಿನಲ್ಲಿ ಶೂಟಿಂಗ್ ದಿನಗಳಿಗಿಂತ ಕಾಯುವ ದಿನಗಳೇ ಹೆಚ್ಚು. ಒಂದು ಚಿತ್ರಕ್ಕೆ 35 ದಿನ ಕ್ಯಾಮೆರಾ ಓಡಿತು ಅಂದರೆ ಅದರ ಹಿಂದೆ ಮುಂದೆ ಎರಡು ಮೂರು ವರ್ಷ ನಿರ್ಮಾಪಕರ ಫೋನಿಗೆ, ನಟರ ಡೇಟಿಗೆ, ಮಳೆ ಬಿಡುವುದಕ್ಕೆ, ಸೆನ್ಸಾರ್ ಪತ್ರಕ್ಕೆ, ಕೊನೆಗೆ ಥಿಯೇಟರಿಗೆ ಕಾದದ್ದಿರುತ್ತದೆ. ನಮ್ಮ ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಈ ಕೆಲಸಕ್ಕೆ ಇಳಿದವರಿಗೆ ಕಾಯುವುದು ಇನ್ನೂ ಒಂದು ಸುತ್ತು ಜಾಸ್ತಿ. ಕೆಲಸ ಮಂಗಳೂರಿನ ತುಳು ಸಿನಿಮಾದಲ್ಲಿ, ಕೊಚ್ಚಿಯ ಮಲಯಾಳ ಸಿನಿಮಾದಲ್ಲಿ, ಬೆಂಗಳೂರಿನ ಕನ್ನಡ ಸಿನಿಮಾದಲ್ಲಿ. ಮನೆ ಈ ಮೂರರ ನಡುವೆ. ಒಂದು ಕಡೆ ಕರೆಯುವವರೆಗೆ ಇನ್ನೊಂದು ಕಡೆ ಹೇಳಿಕೊಂಡು ಬದುಕಬೇಕು.

ಧ್ಯಾನ ಮಾಡಿದರೆ ಕಥೆ ಹೊಳೆಯುತ್ತದೆ ಎನ್ನುವವರಿದ್ದಾರೆ. ಹೊಳೆಯಲೂಬಹುದು. ಆದರೆ ಸಿನಿಮಾದಲ್ಲಿ ಇಪ್ಪತ್ತು ಮೂವತ್ತು ವರ್ಷ ನಿಲ್ಲಬೇಕೆಂದುಕೊಂಡವರಿಗೆ ಅದರಿಂದ ಸಿಗುವ ದೊಡ್ಡ ಉಪಕಾರ ಬೇರೆಯೇ. ಈ ಉದ್ಯಮದಲ್ಲಿ ಎಲ್ಲವೂ ಇನ್ನೊಬ್ಬರ ಕೈಯಲ್ಲಿದೆ. ನಿರ್ಮಾಪಕರು, ಮಳೆ, ಡೇಟು ಯಾವುದೂ ರದ್ದು ಮಾಡಲಾರದ ಒಂದು ಕೆಲಸ ದಿನಕ್ಕೆ ಒಂದಾದರೂ ಇದ್ದರೆ, ಬೇರೆ ಕೆಲಸ ಸಿಗದ ದಿನವೂ ನೀವು ಕೆಲಸದಲ್ಲೇ ಇರುತ್ತೀರಿ. ಧ್ಯಾನ ಅಂಥ ಒಂದು ಕೆಲಸ. ಅದನ್ನು ಹೇಗೆ ಕಟ್ಟುವುದು, ಎಲ್ಲಿ ಕೆಡುತ್ತದೆ, ಸೆಟ್ಟಿನ ಗಲಾಟೆಯ ನಡುವೆ ಹೇಗೆ ಉಳಿಸಿಕೊಳ್ಳುವುದು ಎಂಬುದೇ ಇಲ್ಲಿನ ವಿಷಯ.

ಈ ಮಾತು ಬಂದಾಗಲೆಲ್ಲ ಅಮೆರಿಕದ ನಿರ್ದೇಶಕ ಡೇವಿಡ್ ಲಿಂಚ್ ಅವರ ಹೆಸರು ಬರುತ್ತದೆ. 1973ರಲ್ಲಿ ಅವರು ಮಂತ್ರವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುವ ಭಾವಾತೀತ ಧ್ಯಾನ ಕಲಿತರು. ಆಗ ಅವರ ಮೊದಲ ಪೂರ್ಣಾವಧಿ ಚಿತ್ರ ದುಡ್ಡಿಲ್ಲದೆ ನಿಂತು ನಿಂತು ಸಾಗುತ್ತಿತ್ತು. ಅದು ತೆರೆ ಕಂಡದ್ದು 1977ರಲ್ಲಿ. ದಿನಕ್ಕೆ ಎರಡು ಸಲ, ಸಲಕ್ಕೆ 20 ನಿಮಿಷ ಕೂರುವುದನ್ನು ತಪ್ಪಿಸಲೇ ಇಲ್ಲ ಎಂದು ಅವರು ಹೇಳುತ್ತ ಬಂದರು. 2005ರಲ್ಲಿ ಅದನ್ನು ಕಲಿಸುವುದಕ್ಕೆ ಪ್ರತಿಷ್ಠಾನವನ್ನೂ ಮಾಡಿದರು. ಅರ್ಧ ಶತಮಾನದ ಅಭ್ಯಾಸ ಅದು. ಅದೇ ಲಿಂಚ್ ಬಹುಕಾಲ ಸಿಗರೇಟು ಸೇದಿ ಎಂಫಿಸೀಮಾ ಎಂಬ ಶ್ವಾಸಕೋಶದ ಕಾಯಿಲೆಗೆ ತುತ್ತಾಗಿದ್ದನ್ನೂ 2024ರಲ್ಲಿ ತಾವೇ ಹೇಳಿಕೊಂಡರು. 2025ರ ಜನವರಿಯಲ್ಲಿ ತೀರಿಕೊಂಡರು. ಎರಡನ್ನೂ ಒಟ್ಟಿಗೆ ನೆನಪಿಡಬೇಕು. ಧ್ಯಾನ ಮನಸ್ಸಿಗೆ ಆಧಾರವಾದೀತು, ದೇಹದ ಸಾಲವನ್ನು ಅದು ತೀರಿಸುವುದಿಲ್ಲ.

ವಿಜ್ಞಾನ ಏನು ಹೇಳುತ್ತದೆ ಎಂದು ಕೇಳುವವರಿಗೆ: 2014ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪರಿಶೀಲನೆ 47 ಪ್ರಯೋಗಗಳನ್ನು, ಒಟ್ಟು 3,515 ಮಂದಿಯ ವಿವರವನ್ನು ಒಟ್ಟಿಗೆ ಇಟ್ಟು ನೋಡಿತು. ಆತಂಕ, ಖಿನ್ನತೆ, ನೋವು ಸ್ವಲ್ಪ ಇಳಿಯುತ್ತವೆ ಎನ್ನಲು ಮಧ್ಯಮ ಮಟ್ಟದ ಪುರಾವೆ ಸಿಕ್ಕಿತು. ಗಮನ, ನಿದ್ದೆ ಸುಧಾರಿಸುತ್ತವೆ ಎನ್ನುವಷ್ಟು ಪುರಾವೆ ಸಿಗಲಿಲ್ಲ. ವ್ಯಾಯಾಮ, ಔಷಧಿಯಂಥ ದಾರಿಗಳಿಗಿಂತ ಧ್ಯಾನವೇ ಮೇಲು ಎಂದೂ ಕಾಣಲಿಲ್ಲ. ಇಷ್ಟು ಸಾಕು. ಪರೀಕ್ಷೆಯಲ್ಲಿ ಗಮನದ ಅಂಕ ಏರುತ್ತದೋ ಇಲ್ಲವೋ, ಆತಂಕ ಒಂದು ಮೆಟ್ಟಿಲು ಇಳಿದರೂ ಸೆಟ್ಟಿನಲ್ಲಿ ಅದು ದೊಡ್ಡ ಸಂಗತಿ.

ಯಾವಾಗ ಶುರು ಮಾಡುವುದು

ಶೂಟಿಂಗ್ ಮಧ್ಯೆ ಶುರು ಮಾಡಬೇಡಿ. ಹೊಸ ಅಭ್ಯಾಸಕ್ಕೆ ದಿನಚರಿ ಬೇಕು, ಶೂಟಿಂಗಿನಲ್ಲಿ ದಿನಚರಿಯೇ ಇರುವುದಿಲ್ಲ. ನಮ್ಮ ಕಡೆ ಇದಕ್ಕೆ ಒಳ್ಳೆಯ ಕಾಲ ಮಳೆಗಾಲ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟ ಮುಗಿಸುತ್ತವೆ. ಹೊರಾಂಗಣ ಚಿತ್ರೀಕರಣವೂ ಹೆಚ್ಚುಕಡಿಮೆ ಆಗಲೇ ಮುಗಿಯುತ್ತದೆ. ಜೂನ್, ಜುಲೈಯಲ್ಲಿ ಮನೆಯಲ್ಲಿ ಸ್ಕ್ರಿಪ್ಟ್ ಬರೆಯುತ್ತಲೋ ಹಳೆಯ ಫುಟೇಜ್ ನೋಡುತ್ತಲೋ ಇರುತ್ತೀರಿ. ಜುಲೈ ನಡುವಿನಿಂದ ಬರುವ ತುಳುವರ ಆಟಿ ತಿಂಗಳ ಧೋ ಎನ್ನುವ ಮಳೆಯಲ್ಲಿ ಹೊರಗೆ ಹೋಗುವ ನೆಪವೂ ಕಡಿಮೆ. ಜುಲೈ ನಡುವೆ ಶುರು ಮಾಡಿದರೆ ಸೆಪ್ಟೆಂಬರ್ ನಡುವಿಗೆ 8 ವಾರ ಆಗುತ್ತದೆ. ಹೊರಗಿನ ಅನೇಕ ಧ್ಯಾನ ತರಬೇತಿಗಳ ಅವಧಿಯೂ 8 ವಾರವೇ. ಬಯಲಿನಲ್ಲಿ ಮತ್ತೆ ಕ್ಯಾಮೆರಾ ಇಡುವ ಹೊತ್ತಿಗೆ ಅಭ್ಯಾಸಕ್ಕೆ ಒಂದು ಬುಡ ಬಂದಿರುತ್ತದೆ.

ಮೊದಲ ವಾರ ದಿನಕ್ಕೆ 5 ನಿಮಿಷ. ಎರಡು ಮತ್ತು ಮೂರನೆಯ ವಾರ 10. ನಾಲ್ಕು, ಐದರಲ್ಲಿ 15. ಆರನೆಯ ವಾರದಿಂದ 20. ಎಂಟು ವಾರವೂ ದಿನಕ್ಕೆ ಒಂದೇ ಸಲ. ಸಂಜೆಯದನ್ನು ಆಮೇಲೆ ಸೇರಿಸಿ. ಮೊದಲ ದಿನವೇ 40 ನಿಮಿಷ ಕೂತು, ಮೂರನೆಯ ದಿನ ಸೊಂಟ ಹಿಡಿಯಿತೆಂದು ಬಿಟ್ಟವರೇ ಜಾಸ್ತಿ. ಯೋಗಸೂತ್ರ ಅಭ್ಯಾಸಕ್ಕೆ ಹೇಳಿದ ಷರತ್ತು ಮೂರು: ದೀರ್ಘಕಾಲ, ಎಡೆಬಿಡದೆ, ಆದರದಿಂದ. ಉದ್ದ ಕೂರಬೇಕು ಎಂಬ ಷರತ್ತು ಅದರಲ್ಲಿಲ್ಲ.

ಬೆಳಿಗ್ಗೆ ಎದ್ದು, ಮುಖ ತೊಳೆದು, ಫೋನ್ ಮುಟ್ಟುವ ಮೊದಲು ಕೂರಿ. ಫೋನ್ ನೋಡಿದ ಮೇಲೆ ಕೂತರೆ ಕಣ್ಣೆದುರು ಇರುವುದು ಉಸಿರಲ್ಲ, ಯೂನಿಟ್ ಗುಂಪಿನ 63 ಮೆಸೇಜು. ಚಹಾ ಕಾಫಿ ಆಮೇಲೆ. ಹೊಟ್ಟೆ ತುಂಬಿರಬಾರದು, ಹಸಿವಿನಿಂದ ಚುರುಗುಟ್ಟಲೂಬಾರದು.

ಕೂರುವ ಜಾಗ, ಕೂರುವ ರೀತಿ

ಚಾವಡಿಯ ಒಂದು ಮೂಲೆ ಸಾಕು. ಜಗಲಿ ಚೆನ್ನ, ಆದರೆ ದಾರಿಹೋಕರೆಲ್ಲ ಮಾತಾಡಿಸುತ್ತಾರೆ. ಅಟ್ಟ ಮಳೆಗಾಲದಲ್ಲಿ ಮುಗ್ಗಲು ವಾಸನೆ ಹೊಡೆಯುತ್ತದೆ, ಮೂಗು ಕಟ್ಟುವವರಿಗೆ ಆಗದು. ಜಾಗ ಯಾವುದಾದರೂ ದಿನವೂ ಅದೇ ಇರಲಿ.

ನೆಲದಲ್ಲಿ ಚಕ್ಕಳಮಕ್ಕಳ ಕೂರುವಾಗ ಮೊಣಕಾಲು ಸೊಂಟಕ್ಕಿಂತ ಕೆಳಗಿರಬೇಕು. ಇಲ್ಲದಿದ್ದರೆ ಬೆನ್ನು ಗೂನಾಗುತ್ತದೆ, ಹತ್ತು ನಿಮಿಷದಲ್ಲಿ ಪಾದ ಜೋಮು ಹಿಡಿಯುತ್ತದೆ. ಕಾಲಿನ ನರ ಒತ್ತಿಹೋಗುವುದೇ ಕಾರಣ. ಮಣೆಯ ಮೇಲೆ ಬೈರಾಸು (ಟವೆಲ್) ಮಡಿಸಿ ಹಾಕಿ ಕೂತರೆ ಅನೇಕರಿಗೆ ಸರಿಯಾಗುತ್ತದೆ. ಸೆಟ್ಟಿನಲ್ಲಿ ಇದಕ್ಕೆ ಹೇಳಿಮಾಡಿಸಿದಂಥ ವಸ್ತು ಕೈಗೆಟಕುವಂತೆಯೇ ಬಿದ್ದಿರುತ್ತದೆ: ಆ್ಯಪಲ್ ಬಾಕ್ಸ್, ಏನನ್ನಾದರೂ ಎತ್ತರಿಸಲು ಬಳಸುವ ಮರದ ಪೆಟ್ಟಿಗೆ. ಪೂರ್ತಿ ಪೆಟ್ಟಿಗೆ 20 ಇಂಚು ಉದ್ದ, 12 ಇಂಚು ಅಗಲ, 8 ಇಂಚು ಎತ್ತರ. ಕೂರಲು ಅದು ತುಸು ಹೆಚ್ಚು. ಅರ್ಧದ್ದು 4 ಇಂಚು, ಕಾಲು 2 ಇಂಚು. ಸೊಂಟ ಬಿಗಿ ಇರುವವರಿಗೆ ಅರ್ಧ ಪೆಟ್ಟಿಗೆ, ಸಲೀಸಾಗಿ ಬಾಗುವವರಿಗೆ ಕಾಲು. ಮೇಲೊಂದು ಮಡಿಸಿದ ಟವೆಲ್. ಮುಂದಿನ ಅಂಚಿನಲ್ಲಿ ಕೂರಿ, ಹಿಂದಕ್ಕೆ ಸರಿಯಬೇಡಿ.

ಕ್ಯಾಮೆರಾ ಹೆಗಲ ಮೇಲೆ ಹೊತ್ತು ಬೆನ್ನು ನೋವು ಮಾಡಿಕೊಂಡವರು, ಮೊಣಕಾಲು ಕೈಕೊಟ್ಟವರು ಕುರ್ಚಿಯಲ್ಲಿ ಕೂರಲಿ. ಪಾದ ಎರಡೂ ನೆಲಕ್ಕೆ ಊರಿರಲಿ, ಬೆನ್ನು ಒರಗದಿರಲಿ. ಇದು ಎರಡನೆಯ ದರ್ಜೆಯ ಧ್ಯಾನವೇನೂ ಅಲ್ಲ.

ಸಮಯಕ್ಕೆ ಅಡುಗೆಮನೆಯ ತಿರುಗಿಸುವ ಟೈಮರ್, ಇಲ್ಲವೇ ಬೀಪ್ ಕೊಡುವ ಕೈಗಡಿಯಾರ. ಫೋನಿನ ಅಲಾರಂ ಬಳಸಲೇಬೇಕಾದರೆ ಏರೋಪ್ಲೇನ್ ಮೋಡಿನಲ್ಲಿಟ್ಟು ಬೆನ್ನ ಹಿಂದೆ ಇಡಿ. ಊದುಬತ್ತಿ ಉರಿದು ಮುಗಿಯುವವರೆಗೆ ಕೂರುವ ರೂಢಿಯೂ ಇದೆ. ಆದರೆ ಮಳೆಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಆ ಹೊಗೆ ಗಂಟಲಿಗೆ ಒಳ್ಳೆಯದಲ್ಲ.

ಇಪ್ಪತ್ತು ನಿಮಿಷದೊಳಗೆ ಏನೇನು

ಪದ್ಧತಿಗಳು ಹಲವು. ಭಾವಾತೀತ ಧ್ಯಾನದಲ್ಲಿ ಶಿಕ್ಷಕರು ಕೊಟ್ಟ ಮಂತ್ರವಿರುತ್ತದೆ. ವಿಪಶ್ಯನಕ್ಕೆ 10 ದಿನದ ಮೌನ ಶಿಬಿರವಿದೆ. ಕಾಞಂಗಾಡಿನ ಆನಂದಾಶ್ರಮದಲ್ಲಿ 1931ರಿಂದ ರಾಮನಾಮವೇ ಸಾಧನೆ. ಮನೆಯಲ್ಲಿ ಜಪ ಮಾಡುವ ಅಭ್ಯಾಸ ಇರುವವರು ಅದನ್ನೇ ಮುಂದುವರಿಸಬಹುದು. ಯಾವುದೂ ಗೊತ್ತಿಲ್ಲದವರಿಗೆ ಉಸಿರೆಣಿಕೆ ಸುಲಭ. ಗುರು, ಹಣ, ಮತ ಯಾವುದರ ಹಂಗೂ ಅದಕ್ಕಿಲ್ಲ.

ಮೊದಲ 2 ನಿಮಿಷ ದೇಹಕ್ಕೆ. ದವಡೆ, ಹುಬ್ಬಿನ ನಡು, ಹೆಗಲು, ಹೊಟ್ಟೆ, ಅಂಗೈ, ಈ ಐದು ಕಡೆ ಬಿಗಿ ಇದೆಯೇ ಎಂದು ಒಂದೊಂದಾಗಿ ನೋಡಿ ಸಡಿಲ ಬಿಡಿ. ಹೊಟ್ಟೆ ಒಳಗೆಳೆದು ಕೂರುವ ಚಾಳಿ ಬಹಳ ಜನಕ್ಕಿದೆ, ಅದನ್ನು ಬಿಡಿ. ಹೊಟ್ಟೆ ಸಡಿಲಾದರೆ ಉಸಿರು ತಾನಾಗಿ ಕೆಳಗಿಳಿಯುತ್ತದೆ.

ಮುಂದಿನ 15 ನಿಮಿಷ ಎಣಿಕೆ. ಕಣ್ಣು ಮುಚ್ಚಿ, ಇಲ್ಲವೇ ಅರೆ ತೆರೆದು ಮೂರು ಅಡಿ ಮುಂದಿನ ನೆಲ ನೋಡಿ. ಉಸಿರು ಮೂಗಿನ ಹೊಳ್ಳೆಗೆ ತಾಗುವ ಜಾಗದಲ್ಲಿ ಗಮನವಿಡಿ. ಪ್ರತಿ ಸಲ ಉಸಿರು ಹೊರಗೆ ಹೋಗುವಾಗ ಮನಸ್ಸಿನಲ್ಲೇ ಒಂದು, ಎರಡು ಎಂದು ಹತ್ತರವರೆಗೆ. ಹತ್ತಾದ ಮೇಲೆ ಮತ್ತೆ ಒಂದು. ಹದಿನಾಲ್ಕಕ್ಕೋ ಇಪ್ಪತ್ತಕ್ಕೋ ಹೋಗಿದ್ದೀರಿ ಅಂದರೆ ಬಾಯಿಪಾಠ ನಡೆಯುತ್ತಿದೆ, ಗಮನ ಬೇರೆಲ್ಲೋ ಇದೆ, ಒಂದಕ್ಕೆ ಬನ್ನಿ. ಉಸಿರನ್ನು ಉದ್ದ ಮಾಡಲು ಹೋಗಬೇಡಿ. ಅದು ಹೇಗೆ ಬರುತ್ತದೋ ಹಾಗೆ ಬರಲಿ.

ಮನಸ್ಸು ಓಡುತ್ತದೆ. ಓಡಿದ್ದು ಗೊತ್ತಾದ ಆ ಗಳಿಗೆಯೇ ಅಭ್ಯಾಸದ ತಿರುಳು, ಆದ್ದರಿಂದ ಅಲ್ಲಿ ಬೈದುಕೊಳ್ಳಬೇಡಿ. ಓಡಿದ ಜಾಗಕ್ಕೆ ಒಂದೇ ಪದದ ಹೆಸರು ಕೊಡಿ: ‘ಬಜೆಟ್’, ‘ಜಗಳ’, ‘ಕ್ಲೈಮ್ಯಾಕ್ಸ್’, ‘ಸಾಲ’. ಹೆಸರು ಕೊಟ್ಟು ಒಂದಕ್ಕೆ ಮರಳಿ. 15 ನಿಮಿಷದಲ್ಲಿ ನಲವತ್ತು ಸಲ ಮರಳಿದರೆ ನಲವತ್ತು ಸಲ ಅಭ್ಯಾಸವಾಯಿತು. ಮಾನಿಟರಿನ ಮುಂದೆ ಬೇಕಾಗುವುದೂ ಇದೇ. ಮನಸ್ಸು ತೆರೆಯ ಮೇಲಿನದನ್ನು ಬಿಟ್ಟು ತಾನಂದುಕೊಂಡ ಚಿತ್ರವನ್ನು ನೋಡತೊಡಗಿದ್ದು ಗೊತ್ತಾಗಬೇಕು, ಗೊತ್ತಾಗಿ ಫ್ರೇಮಿಗೆ ಮರಳಬೇಕು.

ಕೊನೆಯ 3 ನಿಮಿಷ ಎಣಿಕೆ ಬಿಟ್ಟು ಕಿವಿ ತೆರೆಯಿರಿ. ಮಾಡಿನಿಂದ ನೀರು ಬೀಳುವ ಸದ್ದು, ಪಕ್ಕದ ತೋಟದ ಪಂಪು, ದೂರದ ಬಾಂಗು, ಕಪ್ಪೆ. ಯಾವುದು ಹತ್ತಿರ, ಯಾವುದು ದೂರ ಎಂದಷ್ಟೇ. ಸೌಂಡ್ ವಿಭಾಗದವರಿಗೆ ಇದು ಪರಿಚಿತ. ದೃಶ್ಯ ಮುಗಿದ ಮೇಲೆ 30 ಸೆಕೆಂಡಿನಿಂದ ಒಂದು ನಿಮಿಷ ಎಲ್ಲರನ್ನೂ ನಿಲ್ಲಿಸಿ ಅವರು ರೂಮ್ ಟೋನ್, ಅಂದರೆ ಯಾರೂ ಮಾತಾಡದಾಗ ಆ ಜಾಗದಲ್ಲಿ ಇರುವ ಸದ್ದನ್ನು, ದಾಖಲಿಸುವುದು ಹೀಗೆಯೇ. ಬೀಪ್ ಆದೊಡನೆ ಎದ್ದು ಓಡಬೇಡಿ. ಕಾಲು ನೀಡಿ, ಜೋಮು ಬಿಡಲಿ, ಆಮೇಲೆ ಏಳಿ.

ಎಲ್ಲಿ ಕೆಡುತ್ತದೆ

ಅತಿ ಸಾಮಾನ್ಯವಾದದ್ದು ತೂಕಡಿಕೆ. ಅದು ಧ್ಯಾನದ ದೋಷವಲ್ಲ, ನಿದ್ದೆಯ ಬಾಕಿ. ಹಿಂದಿನ ರಾತ್ರಿ 6 ಗಂಟೆಗಿಂತ ಕಡಿಮೆ ಮಲಗಿದ್ದರೆ ಆ 20 ನಿಮಿಷವನ್ನೂ ನಿದ್ದೆಗೇ ಕೊಡಿ, 5 ನಿಮಿಷ ಮಾತ್ರ ಕೂರಿ. ಚೆನ್ನಾಗಿ ಮಲಗಿಯೂ ತೂಕಡಿಸಿದರೆ ಕಣ್ಣು ಅರೆ ತೆರೆಯಿರಿ, ಇಲ್ಲವೇ ಅಂಗಳದಲ್ಲಿ ನಿಧಾನ ನಡೆಯುತ್ತ ಹೆಜ್ಜೆ ಎಣಿಸಿ. ಒಂದು ಮಾತು ಇಲ್ಲಿ ಬಿಗಿಯಾಗಿ ಹೇಳಬೇಕು: ರಾತ್ರಿ ಶೂಟಿಂಗ್ ಮುಗಿಸಿ ಬೆಳಗಿನ ಜಾವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಂಗಳೂರಿಗೋ ಕಣ್ಣೂರಿಗೋ ಕಾರು ಓಡಿಸುವ ಮೊದಲು ಹತ್ತು ನಿಮಿಷ ಧ್ಯಾನ ಮಾಡಿದೆ, ಸರಿಹೋಯಿತು ಎಂದುಕೊಳ್ಳಬೇಡಿ. ನಿದ್ದೆಗೆಟ್ಟ ಕಣ್ಣಿಗೆ ನಿದ್ದೆಯೊಂದೇ ಮದ್ದು. ಮಲಗಿ ಹೊರಡಿ, ಇಲ್ಲವೇ ಚಾಲಕರನ್ನು ಕೇಳಿ.

ಹುಬ್ಬಿನ ನಡುವೆ ತಲೆನೋವು ಬಂದರೆ ಕಣ್ಣುಗುಡ್ಡೆಯನ್ನು ಒತ್ತಿ ಹಿಡಿದು ‘ಏಕಾಗ್ರತೆ’ ಮಾಡುತ್ತಿದ್ದೀರಿ ಎಂದರ್ಥ; ಗಮನವನ್ನು ಹೊಟ್ಟೆಯ ಏರಿಳಿತಕ್ಕೆ ಇಳಿಸಿ. ತಲೆ ಸುತ್ತಿದರೆ, ಬೆರಳ ತುದಿ ಜುಮುಜುಮು ಎಂದರೆ ಉಸಿರನ್ನು ಬಲವಾಗಿ ಎಳೆದು ಬಿಡುತ್ತಿದ್ದೀರಿ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಹಾಗಾಗುತ್ತದೆ. ಉಸಿರನ್ನು ಅದರ ಪಾಡಿಗೆ ಬಿಟ್ಟರೆ ಸರಿಹೋಗುತ್ತದೆ.

ಬರಹಗಾರ ನಿರ್ದೇಶಕರಿಗೆ ಬೇರೊಂದು ಕಷ್ಟವಿದೆ. ಕೂತಾಗ ಒಳ್ಳೆಯ ದೃಶ್ಯ ಹೊಳೆಯುತ್ತದೆ. ಎದ್ದು ಬರೆಯಲೇ? ಬೇಡ. ಒಮ್ಮೆ ಎದ್ದರೆ ನಾಳೆಯಿಂದ ಮನಸ್ಸು ಕೂರುವುದೇ ಬೇಟೆಗೆ. ಧ್ಯಾನ ಸ್ಟೋರಿ ಡಿಸ್ಕಷನ್ ಆಗಿಬಿಡುತ್ತದೆ. ‘ದೃಶ್ಯ’ ಎಂದು ಹೆಸರು ಕೊಟ್ಟು ಉಸಿರಿಗೆ ಮರಳಿ. ಪುಸ್ತಕ ಪೆನ್ನು ಪಕ್ಕದ ಕೋಣೆಯಲ್ಲಿರಲಿ, ಮುಗಿದ ಮೇಲೆ ಹೋಗಿ ಬರೆಯಿರಿ. ಗಟ್ಟಿ ದೃಶ್ಯವಾದರೆ ಇಪ್ಪತ್ತು ನಿಮಿಷ ಉಳಿದುಕೊಳ್ಳುತ್ತದೆ. ಉಳಿಯದ್ದು ಹೋಗಲಿ ಎನ್ನುವುದು ಕಷ್ಟ, ಆದರೂ ಅದೇ ನಿಯಮ.

ಇನ್ನು ಕೆಲವರಿಗೆ ಕೂತಾಗ ಅಳು, ಹಳೆಯ ಭಯ, ಎದೆ ಬಿಗಿತ ಮೇಲೆದ್ದು ಬರುತ್ತದೆ. ಒಂದೆರಡು ದಿನ ಆದರೆ ಕಣ್ಣು ತೆರೆದು, ಕಾಲು ನೆಲಕ್ಕೂರಿ, ಅವಧಿ 5 ನಿಮಿಷಕ್ಕೆ ಇಳಿಸಿ ನೋಡಿ. ದಿನೇ ದಿನೇ ಹೆಚ್ಚಾದರೆ, ಅಥವಾ ಎರಡು ವಾರ ನಿದ್ದೆ ಊಟ ಕೆಟ್ಟು ಮನಸ್ಸು ಕುಸಿದೇ ಇದ್ದರೆ ಧ್ಯಾನ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416. ಉಚಿತ, ಕನ್ನಡ ಮಲಯಾಳ ಎರಡರಲ್ಲೂ ಮಾತಾಡಬಹುದು. ಮೊದಲೇ ಮನೋರೋಗಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವವರು ವೈದ್ಯರಿಗೆ ಹೇಳಿಯೇ ಶುರು ಮಾಡಲಿ. ಔಷಧಿಯನ್ನು ತಾವಾಗಿ ಬಿಡಬಾರದು.

ಶೂಟಿಂಗ್ ದಿನದ ಲೆಕ್ಕ

ಕಾಸರಗೋಡಿನಲ್ಲಿ ಜನವರಿಯಲ್ಲಿ ಸೂರ್ಯ ಹುಟ್ಟುವಾಗ ಏಳು ಗಂಟೆಗೆ ಹತ್ತಿರ. ಮೇ ಕೊನೆಯಲ್ಲಿ ಆರರ ಆಸುಪಾಸು. ಬೆಳಗಿನ ಬೆಳಕು ಬೇಕೆಂದರೆ ಕಾಲ್ ಟೈಮ್ (ಎಲ್ಲರೂ ಸೆಟ್ಟಿನಲ್ಲಿ ಇರಬೇಕಾದ ಹೊತ್ತು) ಅದಕ್ಕಿಂತ ಒಂದು, ಒಂದೂವರೆ ಗಂಟೆ ಮುಂಚೆ. ಅದಕ್ಕೂ ಅರ್ಧ ಗಂಟೆ ಮುಂಚೆ ಎದ್ದು 20 ನಿಮಿಷ ಕೂರುತ್ತೇನೆ ಎಂಬ ಹಟ 35 ದಿನ ನಡೆಯುವುದಿಲ್ಲ, ನಡೆದರೂ ನಿದ್ದೆ ತಿನ್ನುತ್ತದೆ. ಶೂಟಿಂಗ್ ದಿನ ಬೆಳಿಗ್ಗೆ 10 ನಿಮಿಷ ಸಾಕು. ಬಾಕಿಯನ್ನು ಹಗಲಿನಲ್ಲಿ ಹುಡುಕಿ.

ಸಂಜೆಯದಂತೂ ಸೆಟ್ಟಿನಲ್ಲಿ ಆಗದ ಮಾತು. ಮನೆಯಲ್ಲಿ ದೀಪ ಹಚ್ಚುವ ಮುಚ್ಚಂಜೆ ಕೂರಲು ಎಷ್ಟು ಒಳ್ಳೆಯ ಹೊತ್ತೋ, ಶೂಟಿಂಗಿಗೂ ಅಷ್ಟೇ ಬೆಲೆಬಾಳುವ ಹೊತ್ತು. ಬೇಕಲದಲ್ಲಾಗಲಿ ಕಣ್ವತೀರ್ಥದಲ್ಲಾಗಲಿ ಸೂರ್ಯ ಮುಳುಗಿದ ಮೇಲೆ ಕೆಲಸಕ್ಕೆ ಬರುವ ಬೆಳಕು 20 ನಿಮಿಷ ಸಿಕ್ಕರೆ ಹೆಚ್ಚು. ಎರಡನೆಯ ಸಲಕ್ಕೆ ಸರಿಯಾದ ಜಾಗ ಮಧ್ಯಾಹ್ನದ ಬ್ರೇಕ್. ಊಟದ ಮೊದಲು, ನೆನಪಿರಲಿ. ಕುಚ್ಚಲಕ್ಕಿ ಅನ್ನ ಉಂಡು ಕಣ್ಣು ಮುಚ್ಚಿದರೆ ನಿದ್ದೆ ಗ್ಯಾರಂಟಿ. ಬ್ರೇಕ್ ಕೂಗಿದೊಡನೆ ಊಟದ ಸಾಲು ಹೇಗೂ ಉದ್ದ. ಆ 12 ನಿಮಿಷ ಕಾರಿನಲ್ಲೋ ಮರದಡಿಯೋ ಕೂತು ಬಂದರೆ ಸಾಲು ಕರಗಿರುತ್ತದೆ. ಸಹಾಯಕರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ನಾಲ್ಕು ಸಲ ಬಾಗಿಲು ಬಡಿಯುತ್ತಾರೆ.

ಇದಲ್ಲದೆ ಮೂರು ಉಸಿರಿನ ಒಂದು ಚಿಕ್ಕ ಅಭ್ಯಾಸವಿದೆ. ನಿಜಕ್ಕೂ ಕೈಹಿಡಿಯುವುದು ಅದೇ. ಪೊಸಡಿಗುಂಪೆ ಗುಡ್ಡದ ಮೇಲೆ ಸಂಜೆಯ ಶಾಟ್ ಎಂದಿಟ್ಟುಕೊಳ್ಳಿ. ಏಳನೆಯ ಟೇಕ್. ನಟರು ಮತ್ತೆ ಅದೇ ಪದದಲ್ಲಿ ಎಡವಿದರು. ಪಡುವಣದಲ್ಲಿ ಕೆಂಪು ತೆಳುವಾಗುತ್ತಿದೆ, ಫೋಕಸ್ ಪುಲ್ಲರ್ ಟೇಪು ಹಿಡಿದು ನಿಂತಿದ್ದಾರೆ, ಅಸೋಸಿಯೇಟ್ ಓಡಿಬಂದು, “ಅಣ್ಣಾ, ಲೈಟ್ ಹೋಗ್ತಾ ಉಂಟು, ಎಂತ ಮಾಡುವುದು?” ಎನ್ನುತ್ತಾನೆ. ಆಗ ನಿಮ್ಮ ದೇಹದಲ್ಲಿ ಏನಾಗಿರುತ್ತದೆ ಎಂದರೆ ಹಲ್ಲು ಕಚ್ಚಿದೆ, ಉಸಿರು ಎದೆಯ ಮೇಲ್ಭಾಗದಲ್ಲಿ ಸಿಕ್ಕಿಕೊಂಡಿದೆ, ನಾಲಗೆ ತುದಿಗೆ ಒಂದು ಮಾತು ಬಂದು ನಿಂತಿದೆ. ಆ ಮಾತು ಹೊರಬಿದ್ದರೆ ಎಂಟನೆಯ ಟೇಕ್ ಇನ್ನೂ ಕೆಡುತ್ತದೆ, ಮುಂದಿನ ಮೂರು ವರ್ಷ ಆ ನಟರು ನಿಮ್ಮ ಫೋನ್ ಎತ್ತುವುದೂ ಅನುಮಾನ.

ಮೊದಲ ಉಸಿರಿಗೆ ಚಪ್ಪಲಿಯೊಳಗಿನ ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಿ. ಎರಡನೆಯದನ್ನು ಎಳೆದದ್ದಕ್ಕಿಂತ ಎರಡು ಪಟ್ಟು ನಿಧಾನವಾಗಿ ಬಿಡಿ. ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುವುದು ದೇಹದ ಸಹಜ ಕ್ರಮ. ಮೂರನೆಯದರಲ್ಲಿ ದವಡೆ ಸಡಿಲಿಸಿ. ಒಟ್ಟು 20 ಸೆಕೆಂಡ್. ಆಮೇಲೆ ನಿಮಗೇ ಒಂದು ಪ್ರಶ್ನೆ: ಈ ಶಾಟಿಗೆ ಆ ಪದ ಬೇಕೇ? ಎಷ್ಟೋ ಸಲ ಬೇಡ ಎಂಬುದು ಆಗಲೇ ಕಾಣುತ್ತದೆ. “ಆ ಪದ ಬಿಟ್ಟುಬಿಡಿ, ಸುಮ್ಮನೆ ಆ ಕಡೆ ನೋಡಿ, ಸಾಕು” ಎಂದರೆ ಎಂಟನೆಯ ಟೇಕಿಗೆ ಇನ್ನೂ ಬೆಳಕಿರುತ್ತದೆ. ಆದರೆ ಮನೆಯಲ್ಲಿ ದಿನವೂ ಕೂರದವರಿಗೆ ಈ ಮೂರು ಉಸಿರು ಆ ಗಳಿಗೆಯಲ್ಲಿ ನೆನಪಿಗೇ ಬರುವುದಿಲ್ಲ. 20 ನಿಮಿಷದ ಅಭ್ಯಾಸ ಇರುವುದು ಈ 20 ಸೆಕೆಂಡಿಗಾಗಿ ಎಂದರೂ ತಪ್ಪಲ್ಲ.

ತೆಂಕುತಿಟ್ಟು ಯಕ್ಷಗಾನದ ಚೌಕಿಯನ್ನು, ಅಂದರೆ ಬಣ್ಣ ಹಚ್ಚುವ ಜಾಗವನ್ನು, ಹತ್ತಿರದಿಂದ ನೋಡಿದವರಿಗೆ ಇದು ಹೊಸತೆನಿಸಲಾರದು. ಹೊರಗೆ ಚೆಂಡೆ ಬಡಿಯುತ್ತಿರುತ್ತದೆ. ಒಳಗೆ ಬಣ್ಣದ ವೇಷದವರು ನೆಲದಲ್ಲಿ ಕೂತು, ಪುಟ್ಟ ಕನ್ನಡಿ ಹಿಡಿದು, ಅಕ್ಕಿಹಿಟ್ಟು ಸುಣ್ಣದ ಚುಟ್ಟಿಯನ್ನು ಚುಕ್ಕಿ ಚುಕ್ಕಿಯಾಗಿ ಗಂಟೆಗಟ್ಟಲೆ ಇಡುತ್ತಾರೆ. ರಂಗಸ್ಥಳದ ಅಬ್ಬರಕ್ಕೆ ಬೇಕಾದ ಸ್ಥಿಮಿತ ಆ ಚುಕ್ಕಿಗಳಲ್ಲೇ ಕೂಡಿಬರುತ್ತದೆ. ನಟರಾಗಿ ಕೆಲಸ ಮಾಡುವವರು ಮೇಕಪ್ ಕುರ್ಚಿಯ ಹೊತ್ತನ್ನು ಫೋನಿಗೆ ಕೊಡದೆ ಹೀಗೆ ಬಳಸಬಹುದು.

ಎಡಿಟಿಂಗ್ ಕೋಣೆಯಲ್ಲಿ

ಎಡಿಟಿಂಗಿನ ಶತ್ರು ಪ್ರೀತಿ. ಆ ಶಾಟ್ ತೆಗೆಯಲು ಮೊಣಕಾಲುದ್ದ ಕೆಸರಿನಲ್ಲಿ ಕ್ರೇನ್ ನಿಲ್ಲಿಸಿದ್ದು, ಮೂರು ದಿನ ಮಳೆಗೆ ಕಾದದ್ದು ನಿಮಗೆ ನೆನಪಿದೆ, ನೋಡುವವರಿಗೆ ಇಲ್ಲ. ನೆನಪು ಬೇರೆ, ತೆರೆಯ ಮೇಲೆ ಇರುವುದು ಬೇರೆ ಎಂದು ಬಿಡಿಸಿ ನೋಡುವುದಕ್ಕೆ ಒಂದು ಕ್ರಮವಿದೆ. ಪೂರ್ತಿ ಕಟ್ ನೋಡುವ ಮೊದಲು 10 ನಿಮಿಷ ಉಸಿರೆಣಿಕೆ. ಕೋಣೆಯ ದೀಪ ಆರಿಸಿ. ಕೀಬೋರ್ಡಿನಿಂದ ಕೈ ತೆಗೆದು ತೊಡೆಯ ಮೇಲಿಡಿ, ಕೊನೆಯವರೆಗೆ ನಿಲ್ಲಿಸಬೇಡಿ. ನೋಡುವಾಗ ಉಸಿರು ಎಲ್ಲಿ ಬಿಗಿಯಾಯಿತು, ಎಲ್ಲಿ ಕೈ ಫೋನಿಗೆ ಹೋಗಬೇಕೆನಿಸಿತು ಎಂದು ನಿಮಿಷದ ಅಂಕೆ ಮಾತ್ರ ಕಾಗದದಲ್ಲಿ ಬರೆಯಿರಿ: 14, 31, 52. ಕಾರಣ ಬರೆಯಬೇಡಿ. ಮೂರು ದಿನ ಬಿಟ್ಟು ಮತ್ತೊಮ್ಮೆ ಹಾಗೆಯೇ ನೋಡಿ, ಹಳೆಯ ಕಾಗದ ತೆಗೆಯದೆ. ಎರಡರಲ್ಲೂ ಬಂದ ಅಂಕೆಯಲ್ಲಿ ಕತ್ತರಿ ಇಡುವ ಜಾಗ ಇದೆ.

ದಿನದ ಕೆಲಸದಲ್ಲಿ 50 ನಿಮಿಷಕ್ಕೊಮ್ಮೆ 3 ನಿಮಿಷ ಕಣ್ಣು ಮುಚ್ಚಿ, ಆಮೇಲೆ ಕಿಟಕಿಯಾಚೆ ದೂರದ ಅಡಿಕೆ ಮರದ ತಲೆ ನೋಡಿ. ಚಿತ್ರದ ಬಣ್ಣ ಹೊಂದಿಸುವವರಿಗಂತೂ ಇದು ಅಗತ್ಯ. ಒಂದೇ ಬಣ್ಣದ ಛಾಯೆಗೆ ಕಣ್ಣು ಬೇಗ ಒಗ್ಗಿಹೋಗಿ, ತಪ್ಪೇ ಸರಿ ಎಂದು ಕಾಣತೊಡಗುತ್ತದೆ.

ಯೂನಿಟ್ಟಿನ ಮೇಲೆ ಹೇರಬೇಡಿ

ನಿಮಗೆ ಒಗ್ಗಿದ್ದನ್ನು ಇಡೀ ಯೂನಿಟ್ಟಿಗೆ ಕಡ್ಡಾಯ ಮಾಡಬೇಡಿ. ಕಾಸರಗೋಡಿನ ಸೆಟ್ಟಿನಲ್ಲಿ ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲ ಒಟ್ಟಿಗೆ ಇರುತ್ತದೆ, ನಂಬಿಕೆಗಳೂ ಹಾಗೆಯೇ. ಒಬ್ಬರ ಧ್ಯಾನದ 12 ನಿಮಿಷಕ್ಕೆ ಜಾಗ ಮಾಡುವ ಶೆಡ್ಯೂಲಿನಲ್ಲಿ ಇನ್ನೊಬ್ಬರ ನಮಾಜಿಗೂ ಜಾಗವಿರಬೇಕು. ಶುಕ್ರವಾರ ಮಧ್ಯಾಹ್ನದ ಬ್ರೇಕ್ ಜುಮ್ಮಾಕ್ಕೆ ಹೊಂದುವಂತೆ ಇಡಿ. ರಂಜಾನಿನಲ್ಲಿ ಇಫ್ತಾರ್ ಮತ್ತು ಸೂರ್ಯಾಸ್ತದ ಶಾಟ್ ಎರಡೂ ಒಂದೇ ಗಳಿಗೆಗೆ ಬೀಳುತ್ತವೆ. ಆ ತಿಂಗಳು ಮುಚ್ಚಂಜೆಯ ದೃಶ್ಯ ಇಡದಿರುವುದೇ ಮರ್ಯಾದೆ. ಎಲ್ಲರಿಗೂ ಸೇರುವ ಮೌನ ಬೇಕಿದ್ದರೆ ರೂಮ್ ಟೋನಿನ ಆ ಒಂದು ನಿಮಿಷ ಇದೆ. ಅದನ್ನು ಅವಸರದಲ್ಲಿ ಮುಗಿಸದೆ ಪೂರ್ತಿ ಕೊಡಿ. ಜನರೇಟರ್ ನಿಂತು, ಲೈಟ್‌ಮ್ಯಾನ್‌ಗಳಿಂದ ನಟರವರೆಗೆ ಎಲ್ಲರೂ ಇದ್ದಲ್ಲೇ ನಿಂತ ಮೇಲೆ ಸೆಟ್ಟಿನ ಮೈಯೇ ಬದಲಾಗುತ್ತದೆ.

ಬಿಡುಗಡೆ, ಆಮೇಲಿನ ಖಾಲಿ

ಬಿಡುಗಡೆಯ ಶುಕ್ರವಾರ ಬೆಳಿಗ್ಗೆ ಕೂರಲು ಆಗುವುದೇ ಇಲ್ಲ ಎನಿಸುತ್ತದೆ. ಆಗುತ್ತದೆ, 5 ನಿಮಿಷ. ಅಂದು ಉಸಿರೆಣಿಕೆ ಮೂರಕ್ಕಿಂತ ಮುಂದೆ ಹೋಗದಿದ್ದರೂ ಕೂತದ್ದು ಲೆಕ್ಕಕ್ಕಿದೆ. ಮೊದಲ ವಾರ ದಿನಕ್ಕೆ ಎರಡೇ ಹೊತ್ತು ವಿಮರ್ಶೆ, ಕಲೆಕ್ಷನ್ ನೋಡುವುದು ಎಂದು ಗೊತ್ತು ಮಾಡಿಕೊಳ್ಳಿ, ಎರಡೂ ಕೂತೆದ್ದ ಮೇಲೆ.

ಕಠಿಣವಾದದ್ದು ಅದರ ನಂತರದ ಎಂಟು ಹತ್ತು ತಿಂಗಳು. ಫೋನ್ ಸುಮ್ಮನಾಗುತ್ತದೆ. ಮನೆಯವರು ಏನೂ ಕೇಳುವುದಿಲ್ಲ, ಕೇಳದಿರುವುದೇ ಭಾರ. ಆ ಕಾಲದಲ್ಲಿ ಬೆಳಗಿನ ಹೊತ್ತಿಗೆ ಕಾಲ್ ಟೈಮಿನ ಗೌರವ ಕೊಡಿ: 6.30 ಎಂದರೆ 6.30. ಕೂತೆದ್ದು ಒಂದು ಗಂಟೆ ಸ್ಕ್ರಿಪ್ಟಿನ ಕೆಲಸ, ಪುಟ ಎಷ್ಟಾದರೂ ಸರಿ. ನಮ್ಮ ಬಾಯಾರು, ಪೆರ್ಲ ಕಡೆ ಮುರಕಲ್ಲಿನ ಗುಡ್ಡಕ್ಕೆ ನೀರಿಗಾಗಿ ಅಡ್ಡವಾಗಿ ಸುರಂಗ ತೋಡುವವರು ದಿನಕ್ಕೆ ಎಷ್ಟು ಸಾಗುತ್ತದೋ ಅಷ್ಟೇ ತೋಡಿ ಹೊರಬರುತ್ತಾರೆ, ಒಳಗೆ ಗಾಳಿ ಕಡಿಮೆ. ನೀರು ಯಾವ ದಿನ ಸಿಕ್ಕೀತು ಎಂದು ಹೇಳಲಾಗದಿದ್ದರೂ ಮರುದಿನ ಹಾರೆ ಹಿಡಿದು ಒಳಗೆ ಹೋಗುತ್ತಾರೆ.

ಗೋಡೆಯ ಕ್ಯಾಲೆಂಡರಿನಲ್ಲಿ ಕೂತ ದಿನಕ್ಕೆ ಪೆನ್ಸಿಲಿನಿಂದ ಒಂದು ಗೀಟು ಹಾಕಿ. ಆ್ಯಪ್ ಬೇಡ, ಅದು ಮತ್ತೆ ಫೋನಿಗೆ ಎಳೆಯುತ್ತದೆ. ಒಂದು ದಿನ ತಪ್ಪಿದರೆ ಮರುದಿನ ಎಂದಿನಷ್ಟೇ ಕೂರಿ, ತಪ್ಪಿದ್ದನ್ನು ಸೇರಿಸಿ 40 ನಿಮಿಷ ಮಾಡಬೇಡಿ. ಎರಡು ದಿನ ಸಾಲಾಗಿ ತಪ್ಪಿದರೆ ಅವಧಿಯನ್ನು ಅರ್ಧಕ್ಕೆ ಇಳಿಸಿ ಒಂದು ವಾರ ನಡೆಸಿ. ಹೊರಾಂಗಣದ ಶೆಡ್ಯೂಲೋ ಕಾಯಿಲೆಯೋ ಬಂದು ತಿಂಗಳುಗಟ್ಟಲೆ ಬಿಟ್ಟುಹೋಗಿದ್ದರೆ ಮತ್ತೆ ಮೊದಲ ವಾರದ 5 ನಿಮಿಷದಿಂದಲೇ ಹೊರಡಿ. ಎರಡನೆಯ ಸಲ 20ಕ್ಕೆ ತಲುಪಲು ಆರನೆಯ ವಾರದವರೆಗೆ ಕಾಯಬೇಕಾಗದು, ಮೂರು ನಾಲ್ಕು ವಾರ ಸಾಕು.